ಮೂರನೆಯ ಮುಚ್ಚಳದ ಅರ್ಧಚಂದ್ರ

ಮೂರನೆಯ ಮುಚ್ಚಳದ ಮೇಲಿರುವ ಹಳದಿ ಅರ್ಧಚಂದ್ರ ಅಪ್ಪ ಬರೆದದ್ದಲ್ಲ. ಇಷ್ಟನ್ನು ನಿನ್ನೆ ಡೈರಿಯಲ್ಲಿ ಬರೆದೆ, ಮತ್ತೆ ಹೊಡೆದುಹಾಕಿದೆ. ಡೈರಿಗೆ ಹೇಳಲೂ ನಾಚಿಕೆಯಾದರೆ ಇನ್ನು ಯಾರ ಮುಂದೆ ಬಾಯಿ ಬಿಟ್ಟೇನು?

ನಮ್ಮ ಚನ್ನಗಿರಿಗೆ ರೈಲು ಬರುವುದಿಲ್ಲ. ಆದರೂ ಊರಾಚೆಯ ಹಳೇ ಗೋಡೌನಿನಲ್ಲಿ ಒಂದು ಡೀಸೆಲ್ ಇಂಜಿನ್ ನಿಂತಿದೆ. ಮುಚ್ಚಿಹೋದ ಸಕ್ಕರೆ ಕಾರ್ಖಾನೆಯೊಂದರಲ್ಲಿ ವ್ಯಾಗನ್ ಎಳೆಯುತ್ತಿದ್ದ ಪುಟ್ಟ ಇಂಜಿನ್; ಗುಜರಿಗೆ ಹೋಗಬೇಕಿತ್ತು. ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಫೋರ್‌ಮನ್ ಆಗಿದ್ದ ನ್ಯಾಮತಿಯ ರುದ್ರಮುನಿ ಸರ್ ಅದನ್ನು ಮತ್ತೆ ಓಡಿಸಬೇಕೆಂದು ಟ್ರೇಲರಿಗೆ ಹೇರಿಸಿ ತಂದರು. ಅದೇ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದ ನನ್ನಪ್ಪ ಪಾಪಣ್ಣನನ್ನು ಕರೆಸಿಕೊಂಡರು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅಪ್ಪ ಕರೆದೊಯ್ದ. ಬಿಚ್ಚಿದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ, ಎಲ್ಲಿಂದ ತೆಗೆದದ್ದೆಂದು ಬರೆದಿಡುವುದು ನನ್ನ ಕೆಲಸ. ಹದಿನಾಲ್ಕು ತಿಂಗಳಾಯಿತು.

ಅವರ ಶೆಡ್ಡಿನಲ್ಲೊಂದು ಪದ್ಧತಿ. ಯಾವ ಸಿಲಿಂಡರಿನ ವಾಲ್ವನ್ನು ಯಾರು ಸೆಟ್ ಮಾಡಿದರೋ ಅದರ ಮುಚ್ಚಳದ ಮೇಲೆ ಅವರ ಗುರುತು ಇರಬೇಕು. ಅಪ್ಪನದು ಅರ್ಧಚಂದ್ರ. ಆ ಗುರುತಿರುವ ಮುಚ್ಚಳವನ್ನು ತಪ್ಪು ಹುಡುಕಲೆಂದು ಯಾರೂ ಬಿಚ್ಚಿದ್ದಿಲ್ಲ. ಮನೆಗೆ ಬಂದ ನೆಂಟರೆಲ್ಲ ಈ ಮಾತನ್ನು ಒಮ್ಮೆಯಾದರೂ ಕೇಳಿಯೇ ಹೋಗಿದ್ದಾರೆ.

ಕಳೆದ ವಾರ ಆರು ಸಿಲಿಂಡರುಗಳಲ್ಲಿ ಐದನ್ನು ಮುಗಿಸಿ ಅಪ್ಪ ವಾಲ್ವಿನ ಸಂದಿ ಅಳೆಯುವ ಗೇಜನ್ನು ನನ್ನ ಕೈಗಿಟ್ಟ. "ಮೂರನೇದು ನೀನು ಮಾಡವ್ವ. ಗುರುತೂ ನಿಂದೇ ಹಾಕು," ಎಂದು ಕೈ ತೊಳೆಯಲು ಹೋದ.

ಗೇಜಿನ ತೆಳು ಪಟ್ಟಿ ಸಂದಿಯಲ್ಲಿ ಸಣ್ಣಗೆ ಹಿಡಿದು ಜಾರಬೇಕು, ಹಾಗೇ ಜಾರಿತು. ನಟ್ಟು ಬಿಗಿಯುವಾಗ ಸಂದಿ ಹೆಚ್ಚುಕಡಿಮೆಯಾಗಬಹುದು, ಅದಕ್ಕೇ ಬಿಗಿದ ಮೇಲೆ ಇನ್ನೊಮ್ಮೆ ತೂರಿಸಿ ನೋಡಬೇಕು. ಅಷ್ಟರಲ್ಲಿ ರುದ್ರಮುನಿ ಸರ್ ಬಂದರು. ಅವರೆದುರು ಸ್ಪ್ಯಾನರ್ ಹಿಡಿದು ನಿಲ್ಲಲು ಸಂಕೋಚವಾಗಿ, ನೋಡದೆಯೇ ಮುಚ್ಚಳ ಹಾಕಿಬಿಟ್ಟೆ. ನನ್ನದೆನ್ನುವ ಗುರುತು ಹಾಕಲು ಧೈರ್ಯವಾಗಲಿಲ್ಲ. ಉಳಿದವುಗಳ ಹಾಗೆ ಅರ್ಧಚಂದ್ರವನ್ನೇ ಬರೆದೆ.

ಇವತ್ತು ಬೆಳಿಗ್ಗೆ ಚಾಲೂ ಮಾಡುವುದಿತ್ತು. ಎದುರಿನ ಚಾ ಅಂಗಡಿಯ ಚೌಡಕ್ಕ ಲೋಟ ಹಿಡಿದು ಬಂದಳು.

"ಊರಿಗೆ ಟೇಷನ್ ಇಲ್ಲ, ಇಂಜಿನ್ ಮಾತ್ರ ಐತೆ. ಇದನ್ನ ಎಲ್ಲಿಗೆ ಓಡಿಸ್ತೀಯೋ ಪಾಪಣ್ಣ?"

"ಐವತ್ತು ಮೀಟರ್ ಹಳಿ ಹಾಕೀವಲ್ಲಕ್ಕ. ನಿನ್ನ ಅಂಗಡಿ ತಂಕ ಬಿಡ್ತೀನಿ, ಟಿಕೆಟ್ ತಗಂಡು ಹತ್ತು."

ಇಂಜಿನ್ ಎರಡು ಸಲ ಗೊಣಗಿ ಸುಮ್ಮನಾಯಿತು. ಮೂರನೆಯ ಸಲಕ್ಕೆ ಹಿಡಿಯಿತು. ಸೂರಿನ ತಗಡು ನಡುಗಿ ಧೂಳು ಉದುರಿತು. ಚೌಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ," ಎಂದಳು. ನಾನು ಚೀಟಿ ಕಟ್ಟಿದ್ದ ಭಾಗಗಳೆಲ್ಲ ಅದರೊಳಗೆ ತಿರುಗುತ್ತಿದ್ದವು. ಇಪ್ಪತ್ತೆರಡು ವರ್ಷ ಸುಮ್ಮನಿದ್ದ ಇಂಜಿನ್ನನ್ನು ಎಬ್ಬಿಸಿದವರಲ್ಲಿ ನಾನೂ ಒಬ್ಬಳು ಎನ್ನಿಸಿ, ನನಗೇ ಗೊತ್ತಿಲ್ಲದಂತೆ ಬೆನ್ನು ನೆಟ್ಟಗಾಯಿತು.

ಆಮೇಲೆ ಕೇಳಿಸಿತು. ಟಕ್, ಟಕ್, ಟಕ್.

ರುದ್ರಮುನಿ ಸರ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಮುಚ್ಚಳಕ್ಕೆ ಒತ್ತಿ, ಹಿಡಿಗೆ ಕಿವಿ ಕೊಟ್ಟು ಕೇಳಿದರು. ಮೂರನೆಯದರ ಹತ್ತಿರ ನಿಂತರು. ಇಂಜಿನ್ ಆಫ್ ಮಾಡಿಸಿದರು.

"ವಾಲ್ವ್ ಸಡ್ಲ ಐತೆ." ಹಳದಿ ಗುರುತು ನೋಡಿ ನಕ್ಕರು. "ಏನಯ್ಯ ಪಾಪಣ್ಣ, ನಿನ್ನ ಚಂದ್ರಂಗೂ ಗ್ರಹಣ ಹಿಡೀತಲ್ಲ. ಮುಂದಿನ ಇಂಜಿನ್ನಿಗೆ ಬೇರೆ ಫಿಟ್ಟರ್ ನೋಡ್ಬೇಕು ಕಾಣ್ತತಿ."

ಅಪ್ಪ ಬಗ್ಗಿ ಗುರುತು ನೋಡಿದ. ಅವನ ಚಂದ್ರಗಳು ಒಂದೇ ಬೀಸಿನಲ್ಲಿ ಎಳೆದಂಥವು. ನನ್ನದು ಅಂಜಂಜಿ ಎರಡು ಸಲ ತಿದ್ದಿದ್ದು. ಒಂದು ಗಳಿಗೆ ನನ್ನ ಕಡೆ ನೋಡಿ ಕಣ್ಣು ತೆಗೆದ.

"ಹೌದು ಸರ್. ಕೈ ಮೊದಲಿನಂಗಿಲ್ಲ."

ಮೂವತ್ತೊಂದು ವರ್ಷದ ಹೆಸರನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟು, ಸ್ಪ್ಯಾನರಿಗೆ ಕೈ ಚಾಚಿದ. ಅವನಿಗಿಂತ ಮೊದಲು ನಾನು ಎತ್ತಿಕೊಂಡೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಅಪ್ಪಂದು ಐದೂ ಸರಿ ಅದಾವೆ, ಸರ್. ಮೂರನೇದು ನಾನು ಮಾಡಿದ್ದು."