ಕರಿನೆಲ್ಲಿನ ಗಂಜಿ

ಮಾಗಡಿ ಸೀಮೆಯ ಸಿದ್ದಯ್ಯನ ಮನೆಯವರು ಕೆರೆ ಕೆಳಗಿನ ಒಂದು ಗದ್ದೆಯಲ್ಲಿ ತಾತನ ಕಾಲದಿಂದಲೂ ಕರಿನೆಲ್ಲು ಬೆಳೆಯುತ್ತಿದ್ದರು. ಹೊಟ್ಟು ಕಪ್ಪು, ಅಕ್ಕಿ ಕೆಂಪು. ಊರಿನಲ್ಲಿ ಯಾರಿಗೆ ಹೆರಿಗೆಯಾದರೂ ಎದೆಹಾಲು ಇಳಿಯಲೆಂದು ಅದರ ಗಂಜಿ ಕಾಯಿಸುತ್ತಿದ್ದರು. ಸಿದ್ದಯ್ಯನ ಹೆಂಡತಿ ಬೈರಮ್ಮ ಕೇಳಿದವರಿಗೆಲ್ಲ ಮೊರದಲ್ಲಿ ಅಕ್ಕಿ ಕೊಟ್ಟು ಕಳಿಸುತ್ತಿದ್ದಳು.

ಆ ವರ್ಷ ಬೆಂಗಳೂರಿನಿಂದ ಬೇಸಾಯದ ಇನ್‌ಸ್ಪೆಕ್ಟರೊಬ್ಬರು ಸರ್ಕಾರದ ಹೊಸ ಬಿತ್ತನೆ ತಂದರು. ಅಕ್ಕಪಕ್ಕದ ಎರಡು ಗದ್ದೆ, ಒಂದೇ ಅಳತೆ, ಒಂದೇ ಗೊಬ್ಬರ. ಕರಿನೆಲ್ಲು ಎದೆಯುದ್ದ ಬೆಳೆದು, ತೆನೆ ತುಂಬುವ ಹೊತ್ತಿಗೆ ಒಂದು ಗಾಳಿಗೇ ಮಲಗಿತು. ಹೊಸದು ಸೊಂಟದ ಮಟ್ಟಕ್ಕೇ ನಿಂತು ತೂಗಿತು. ಕಣದಲ್ಲಿ ಅಳೆದಾಗ ಹೊಸದು ಹದಿನೆಂಟು ಕೊಳಗ, ಕರಿನೆಲ್ಲು ಏಳು. ಕರಿನೆಲ್ಲಿಗೆ ಹುಳು ಹತ್ತಿರಲಿಲ್ಲ ಎಂಬುದನ್ನು ಯಾರೂ ಎಣಿಸಲಿಲ್ಲ. ಅಳೆದವನು ಸಿದ್ದಯ್ಯನೇ.

"ಏಳು ಕೊಳಗಕ್ಕೆ ಇಷ್ಟು ವರ್ಸ ಗದ್ದೆ ಕೆಡುಸ್ಕಂಡು ಕೂತಿದ್ವಲ್ಲಮ್ಮಿ!" ಎಂದು ನಕ್ಕ.

"ಬಿತ್ತನೆಗಾದ್ರೂ ಒಸಿ ಮಡೀಕಳಿ," ಎಂದಳು ಬೈರಮ್ಮ.

ಅವನು ಕೇಳಲಿಲ್ಲ. ಸುಗ್ಗಿಯ ಆಳುಗಳ ಊಟಕ್ಕೆ ಅಷ್ಟನ್ನೂ ಕುಟ್ಟಿಸಿಬಿಟ್ಟ.

ಮರುವರ್ಷ ಮಗಳು ಚಿಕ್ಕಲಕ್ಷ್ಮಮ್ಮ ಚೊಚ್ಚಲ ಹೆರಿಗೆಗೆ ಬಂದಳು. ಗಂಡುಕೂಸು. ನಾಲ್ಕು ದಿನವಾದರೂ ಹಾಲಿಲ್ಲ. ಆಡಿನ ಹಾಲನ್ನು ಅರಳೆಯಲ್ಲಿ ಅದ್ದಿ ಕೊಟ್ಟರೆ ಕೂಸು ಕಕ್ಕಿತು. ಬೈರಮ್ಮ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಬಯ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಕರಿನೆಲ್ಲು ಹುಡುಕುತ್ತಾ ಸಿದ್ದಯ್ಯ ಊರೂರು ನಡೆದ. ಎಲ್ಲ ಕಡೆಯೂ ಹೊಸ ಬಿತ್ತನೆಯೇ. ಎರಡನೆಯ ದಿನ ಸಂಜೆ ಕಾನಕಾನಹಳ್ಳಿಯ ಆಚೆ, ಬೋರಮ್ಮ ಎಂಬ ಮುದುಕಿಯ ಮನೆಯಲ್ಲಿ ಒಂದು ಮಡಕೆಯಷ್ಟು ಸಿಕ್ಕಿತು.

"ಇರೋದೇ ಬಿತ್ತನೆ ನೆಲ್ಲು ಕಣಪ್ಪ. ಯಾರಿಗೆ?"

"ನನ್ ಮಗಳಿಗೆ ಕಣವ್ವ. ನಮ್ಮನೇಲೂ ಇತ್ತು. ನಾನೇ ಇಲ್ಲದಂಗೆ ಮಾಡ್ಬುಟ್ಟೆ."

ಮುದುಕಿ ಅವನ ಮುಖ ನೋಡಿದಳು. ಮಡಕೆ ಬಗ್ಗಿಸಿ ಅವನು ಹಾಸಿದ ಹೆಗಲುವಲ್ಲಿಗೆ ಎರಡು ಸೇರು ಸುರಿದಳು. "ಕೂಸು ಬದುಕ್ಲಿ, ತಗಂಡೋಗು."

ಹೊರಟ ನಾಲ್ಕನೆಯ ದಿನ ಅವನು ಮನೆ ಮುಟ್ಟಿದಾಗ ಜಗಲಿಯ ತುಂಬ ಹೆಂಗಸರು ಕೂತಿದ್ದರು. ಕೂಸನ್ನು ಬೆಳಿಗ್ಗೆಯೇ ಮಣ್ಣು ಮಾಡಿದ್ದರು. ಬೈರಮ್ಮ ಎದ್ದು ಬಂದು ಗಂಟನ್ನು ಇಸಕೊಂಡು, ನೆಲ್ಲನ್ನು ಒರಳಿಗೆ ಸುರಿದಳು.

"ಇನ್ಯಾಕಮ್ಮಿ?"

"ನಿನ್ನೆಯಿಂದ ನೀರೂ ಮುಟ್ಟಿಲ್ಲ ಅವಳು. ಒಂದು ಗುಟುಕು ಕುಡೀಲಿ."

ಚಿಕ್ಕಲಕ್ಷ್ಮಮ್ಮ ಕುಡಿದಳು. ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಅವಳ ಕುಪ್ಪಸ ತೋಯ್ದುಹೋಗಿತ್ತು. ಗಂಜಿಯಿಂದಲೋ, ತಡವಾಗಿ ತಾನಾಗಿಯೇ ಇಳಿಯಿತೋ, ಯಾರು ಹೇಳಬಲ್ಲರು? ಒಳಗೆ ಅವಳು ಅಳುವುದು ಜಗಲಿಗೆ ಕೇಳಿಸುತ್ತಿತ್ತು.

ಬೈರಮ್ಮ ಬಾಗಿಲಿಗೆ ಬಂದು, "ಹಾಲು ಇಂಗ್ಬೇಕು. ಎದೆಗೆ ಕಟ್ಟಾಕೆ ಮಲ್ಲಿಗೆ ಹೂವ ತನ್ನಿ," ಎಂದಳು.

ಮಾಗಡಿ ಪೇಟೆಯಲ್ಲಿ ಹೂ ಮಾರುವ ತಾಹೇರಾ ಮೊಳ ಹಾಕುತ್ತಾ, "ಮನೇಲಿ ಏನಣ್ಣ, ಶುಭಕಾರ್ಯನಾ?" ಎಂದು ಕೇಳಿದಳು.

ಸಿದ್ದಯ್ಯ ಕಾಸು ಎಣಿಸಿ ಕೊಟ್ಟ. ಹೂವನ್ನು ಬಾಳೆಲೆಯಲ್ಲಿ ಸುತ್ತಿಸಿಕೊಂಡು, ಬಾಡುವ ಮೊದಲೇ ಮನೆ ಸೇರಬೇಕೆಂದು ಬಿರಬಿರನೆ ನಡೆದ.