ಟಿಲ್ಮನ್ ಬಿಟ್ಟುಹೋದ ಸ್ಟೇಷನ್

ಸ್ಟೇಷನ್ನಿನ ಪರವಾನಗಿ ಬದಲಾಗುತ್ತದೆಂಬ ಆ ಕಾಗದವನ್ನು ರೇಡಿಯೋದಲ್ಲಿ ಓದಲೇಬೇಕೆಂದು ಸರ್ಕಾರದ ನಿಯಮವಿತ್ತು. ಓದುವವಳು ವರ್ಲೀನ್. ಅಲಬಾಮಾದ ಟಿಲ್ಮನ್ ಎಂಬ ಸಣ್ಣ ಊರಿನ ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಸಾವಿನ ಸುದ್ದಿ ಹೇಳುತ್ತಿದ್ದವಳು ಅವಳೇ. ಯಾರನ್ನು ಎಲ್ಲಿ, ಎಷ್ಟು ಹೊತ್ತಿಗೆ ಮಣ್ಣು ಮಾಡುತ್ತಾರೆಂದು ಜನ ಅವಳ ಬಾಯಿಂದಲೇ ತಿಳಿಯುತ್ತಿದ್ದರು.

"ಪರವಾನಗಿಯಲ್ಲಿ ಊರಿನ ಹೆಸರು ಬದಲಾಗುತ್ತೆ, ಅಷ್ಟೇ ಮಿಸ್ ವರ್ಲೀನ್. ಟಿಲ್ಮನ್ ಬದಲು ಓಕ್‌ಮಾಂಟ್," ಎಂದ ಮಾಲೀಕ ಡಾಯ್ಲ್.

"ಅದು ನಲವತ್ತು ಮೈಲಿ ದೂರ ಕಣೋ. ಸಿಟಿ ಬಾಗಿಲಲ್ಲಿದೆ."

"ಪಾಪ, ಅವರಿಗೆ ಸ್ವಂತ ರೇಡಿಯೋ ಸ್ಟೇಷನ್ ಇಲ್ಲ."

"ಬೇಕು ಅಂತ ಕೇಳಿದ್ರಾ?"

ಡಾಯ್ಲ್ ನಕ್ಕ. ವರ್ಲೀನ್‌ಗೆ ಅರ್ಥವಾಯಿತು. ಇವನಿಗೆ ಬೇಕಾದದ್ದು ಸಿಟಿಯ ಲಕ್ಷಾಂತರ ಕಿವಿಗಳು. ಸಿಟಿಯ ಹೆಸರಲ್ಲಿ ಕೇಳಿದರೆ ಸರ್ಕಾರ ಕೊಡುವುದಿಲ್ಲ, ಅಲ್ಲಿ ಬೇಕಾದಷ್ಟು ಸ್ಟೇಷನ್‌ಗಳಿವೆ. ಪಕ್ಕದ ಊರಿಗೆ ಮೊದಲ ರೇಡಿಯೋ ಎಂದು ಬರೆದರೆ ಕೊಡುತ್ತದೆ. ಟಿಲ್ಮನ್‌ನಲ್ಲಿ ಪಾದ್ರಿಯೊಬ್ಬನ ಸ್ಟೇಷನ್ ಇನ್ನೊಂದಿತ್ತು. ದಿನವಿಡೀ ಉಪದೇಶ, ಸೂರ್ಯ ಮುಳುಗಿದರೆ ಬಂದ್. ಊರಿಗೆ ರೇಡಿಯೋ ಇಲ್ಲದಂತಾಗಲಿಲ್ಲ ಎಂದು ಕಾಗದದಲ್ಲಿ ತೋರಿಸಲು ಅಷ್ಟು ಸಾಕು.

"ನಿಮ್ಮ ಕಾರ್ಯಕ್ರಮ ಎಲ್ಲಿಗೂ ಹೋಗಲ್ಲ," ಎಂದ ಡಾಯ್ಲ್. "ಜನ ಸರ್ಕಾರಕ್ಕೆ ತಕರಾರು ಬರೆದು ಕೂತರೆ ಮಾತ್ರ ಸ್ಟೇಷನ್ನೇ ಮುಚ್ಚಬೇಕಾಗುತ್ತೆ. ನೋಡ್ಕೊಳ್ಳಿ."

ನಾಲ್ಕು ದಿನ ಅವಳು ಆ ಕಾಗದವನ್ನು ಹಂದಿಯ ಧಾರಣೆಯ ಹಿಂದೆಯೇ, ಉಸಿರು ಬಿಡದೆ ಓದಿದಳು. ಊರನ್ನು ನಿಂತಲ್ಲೇ ನಿಲ್ಲಿಸುವ ದನಿ ಅವಳಲ್ಲಿತ್ತು. ಅದನ್ನು ಎತ್ತಲಿಲ್ಲ.

ಭಾನುವಾರ ಚರ್ಚ್ ಮುಗಿದು ಕರಿದ ಮೀನು ಬಡಿಸುವಾಗ ಮುದುಕಿ ಒಡೆಸ್ಸಾ ಅವಳ ಮೊಣಕೈ ಹಿಡಿದಳು.

"ಏನೇ ಹುಡುಗಿ, ರೇಡಿಯೋದಲ್ಲಿ ಓದಿದ ಆ ವಕೀಲರ ಮಾತು? ಮೂವತ್ತು ದಿನದೊಳಗೆ ಬರೀಬೇಕು ಅಂದ್ಯಲ್ಲ, ನಾವೇನಾದ್ರೂ ಬರೀಬೇಕಾ?"

"ಬರೀ ಕಾಗದದ ಮೇಲಿನ ಹೆಸರು, ಮಿಸ್ ಒಡೆಸ್ಸಾ."

"ಹಾಗಾದ್ರೆ ಬಿಡು. ಡಾಯ್ಲ್ ಹೇಳಿದ್ರೆ ಅವನ ಹೆತ್ತಮ್ಮನೂ ನಂಬಲ್ಲ. ನೀನು ಸತ್ತ ಅಂದ್ರೆ ಸತ್ತ ಹಾಗೇ."

ಮೇಜೆಲ್ಲ ನಕ್ಕಿತು. ಒಬ್ಬರೂ ಬರೆಯಲಿಲ್ಲ.

ಸುಗ್ಗಿಯ ಹೊತ್ತಿಗೆ ಓಕ್‌ಮಾಂಟ್‌ನಲ್ಲಿ ಹೊಸ ಗೋಪುರ ಎದ್ದಿತು. ಗಂಟೆಗೊಮ್ಮೆ ಸ್ಟೇಷನ್ನಿನ ಹೆಸರಿನ ಜೊತೆ ಅದರ ಊರನ್ನೂ ಹೇಳಬೇಕಲ್ಲ, ಡಾಯ್ಲ್ ಅದನ್ನು ವರ್ಲೀನ್‌ಳಿಂದಲೇ ಹೇಳಿಸಿ ರೆಕಾರ್ಡ್ ಮಾಡಿಕೊಂಡ. ಮರುವಾರ ಅವಳ ಕೀಲಿಕೈಗೆ ಬಾಗಿಲು ತೆರೆಯಲಿಲ್ಲ. ಹಾಡು ಹಾಕಲು ಕಂಪ್ಯೂಟರ್ ಇತ್ತು. ಟಿಲ್ಮನ್‌ನ ಅಡುಗೆಮನೆಗಳ ರೇಡಿಯೋದಲ್ಲಿ ಆ ಸ್ಟೇಷನ್ನಿನ ಜಾಗದಲ್ಲಿ ಬರೀ ಗೊರಗೊರ ಸದ್ದು.

ಫೆಬ್ರವರಿಯಲ್ಲಿ ಒಡೆಸ್ಸಾ ತೀರಿಕೊಂಡಳು. ಚರ್ಚಿನ ಹೆಂಗಸರು ರೂಢಿಯಂತೆ ನೂರು ಜನಕ್ಕೆ ಅಡುಗೆ ಮಾಡಿದ್ದರು. ಸುದ್ದಿ ತಿಳಿದು ಬಂದವರು ಹನ್ನೊಂದು ಮಂದಿ.

ಒಡೆಸ್ಸಾಳ ಅಣ್ಣನ ಮಗ, ಲಾರಿ ಓಡಿಸುವ ಲೂಥರ್, ಖಾಲಿ ಬೆಂಚುಗಳನ್ನು ನೋಡುತ್ತ ನಿಂತಿದ್ದ.

"ಮೊನ್ನೆ ಸಿಟಿ ಹತ್ರ ನಿಮ್ಮ ದನಿ ಕೇಳಿಸ್ತು, ಮಿಸ್ ವರ್ಲೀನ್. ಓಕ್‌ಮಾಂಟ್ ಅಂತಿದ್ರಿ. ಅಲ್ಲೇ ಮನೆ ಮಾಡಿದ್ರಾ?"

"ಇಲ್ಲಪ್ಪ. ಇಲ್ಲೇ ಇದೀನಿ."

"ಇಲ್ಲೇ ಇದ್ದು ಅತ್ತೆಗೆ ಬರೀ ಕಾಗದದ ಮೇಲಿನ ಹೆಸರು ಅಂತ ಹೇಳಿದ್ರಾ?"

ವರ್ಲೀನ್ ತಂದಿದ್ದ ದೊಡ್ಡ ಕೇಕನ್ನು ಲೂಥರ್ ಕೊಯ್ಯದೆಯೇ ಬಟ್ಟೆ ಮುಚ್ಚಿ ಅವಳ ಕೈಗಿಟ್ಟ.

"ತಗೊಂಡ್ಹೋಗಿ. ತಿನ್ನೋರಿಲ್ಲ."