ಕುದುರೆ ಮೇಲಿನವನು ಯಾರವನು?

ಹಲಗೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ಭಾಗ್ಯಲಕ್ಷ್ಮಿ ಮೇಡಂಗೆ ಐವತ್ತು ದಾಟಿದ ಮೇಲೆ ಒಬ್ಬ ದಂಡನಾಯಕನ ಹುಚ್ಚು ಹಿಡಿಯಿತು. ಸಂಜೆ ಟೀವಿಯಲ್ಲಿ ಬರುವ ರಾಜಮನೆತನದ ಧಾರಾವಾಹಿಯ ಕೇತವರ್ಮ ಅವನು. ಗಂಡ ನಾಗೇಶ್ "ಸಾರು ಉಕ್ತಾ ಅದೆ, ವಸಿ ನೋಡಮ್ಮಿ" ಎಂದು ಕೂಗಿದರೂ ಅವರ ಕಣ್ಣು ಕೇತವರ್ಮನ ಕುದುರೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಫೋನಿನಲ್ಲಿ ಅವನ ಅಭಿಮಾನಿಗಳದೊಂದು ಗುಂಪಿತ್ತು. ಮೇಡಂ ಅಲ್ಲಿ 'ಕೋಟೆಗಿಣಿ' ಎಂಬ ಹೆಸರಿನಲ್ಲಿ ಅವನ ಮೇಲೆ ಪ್ರೇಮಕಥೆ ಕಟ್ಟುತ್ತಿದ್ದರು. ಯಾರೂ ಕೇಳದಿದ್ದರೂ ಎಲ್ಲರ ಕಾಗುಣಿತ ತಿದ್ದುತ್ತಿದ್ದರು.

ಒಂದು ದಿನ 'ಶಿಂಷಾತೀರ' ಎಂಬ ಹೆಸರಿನವನೊಬ್ಬ ಗುಂಪಿನಲ್ಲಿ ಬರೆದ: "ನನ್ನ ಪ್ರಕಾರ ಕೇತವರ್ಮ ಟ್ರಾನ್ಸ್ ಗಂಡಸು. ಹುಟ್ಟಿದಾಗ ಹೆಣ್ಣುಮಗು ಅಂದ್ರು, ಬೆಳೀತಾ ತಾನು ಗಂಡು ಅಂತ ಅವನಿಗೇ ಗೊತ್ತಾಯ್ತು. ಸೀರಿಯಲ್ಲಿನೋರು ಹೇಳಿಲ್ಲ, ನಾನು ಹಾಗೆ ಅಂದ್ಕೊಂಡಿದ್ದೀನಿ."

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಪುರಾವೆ ಎಲ್ಲಿ ಎಂದು ಗದರಿದರು. ಅಲ್ಲ ಅನ್ನೋಕೆ ನಿಮ್ಮ ಹತ್ತಿರ ಏನಿದೆ ಎಂದ ಅವನು. ಈ ಜಗಳ ವಾರಗಟ್ಟಲೆ ಎಳೆಯಿತು. ಶಿಂಷಾ ಹೊಳೆಯ ಹೆಸರು ಅಂದಮೇಲೆ ಅದರ ದಡದ ಮದ್ದೂರಿನವನೇ ಇರಬೇಕೆಂದು ಊಹಿಸಿ, ಎದುರು ಕೂತು ಮಾತಾಡೋಣ ಬಾ ಎಂದು ಮೇಡಂ ಕರೆದೇಬಿಟ್ಟರು.

"ಟೀವಿ ದಂಡನಾಯಕನ ಸಲುವಾಗಿ ಮದ್ದೂರ್ಗಂಟ ಬಸ್ಸು ಅತ್ತೀಯಾ? ಓಗು ಓಗು, ಬರೋವಾಗ ವಡೆ ಕಟ್ಟಿಸ್ಕಂಡು ಬಾ," ಎಂದು ನಾಗೇಶ್ ನಕ್ಕ.

ಭಾನುವಾರ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕಾದಿದ್ದವನು ಚಿಗುರುಮೀಸೆಯ ಹುಡುಗ, ಪಂಪ್‌ಸೆಟ್ ಮೋಟರು ರಿಪೇರಿ ಮಾಡುವ ಪ್ರೀತಂ. ಕೋಟೆಗಿಣಿ ಅಂದರೆ ಯಾರೋ ಕಾಲೇಜು ಹುಡುಗಿ ಅಂದುಕೊಂಡಿದ್ದವನು ಮೇಡಂ ಸೆರಗು, ಕನ್ನಡಕ ನೋಡಿ ದಡಬಡ ಎದ್ದು ನಿಂತ.

ಮೇಡಂ ಕೂತವರೇ ಬಾಣ ಬಿಟ್ಟರು. "ಯುದ್ಧಕ್ಕೆ ಹೊರಟಾಗ ಅವನ ತಾಯಿ ಏನಂದ್ಳು? 'ಹೋಗಿ ಬಾ ಮಗನೇ' ಅನ್ನಲಿಲ್ವಾ? ಇದಕ್ಕಿಂತ ಪುರಾವೆ ಬೇಕಾ?"

"ಅನ್ಬೇಕಾದ್ದೇ ಅಲ್ವಾ ಮೇಡಂ, ಮಗನಿಗೆ," ಎಂದ ಪ್ರೀತಂ. ಆಮೇಲೆ ತಟ್ಟೆ ನೋಡುತ್ತಾ, "ನಮ್ಮವ್ವಾನೂ ಈಗ ನನ್ನ ಮಗ ಅಂತಾಳೆ. ಅನ್ನೋಕೆ ವರ್ಷಗಳೇ ಬೇಕಾದ್ವು," ಎಂದ.

ಮೇಡಂ ಬಾಯಿಗೆ ಒಯ್ದಿದ್ದ ವಡೆ ಅಲ್ಲೇ ನಿಂತಿತು. ಅದನ್ನು ತಟ್ಟೆಗಿಟ್ಟು ಕೇಳಿದರು, "ಅದಕ್ಕೆ ಕೇತವರ್ಮ ಯಾಕಪ್ಪ?"

"ಸೀರಿಯಲ್ಲಲ್ಲಿ ನಮ್ಮಂಥೋರು ಬಂದ್ರೆ ಜನರನ್ನ ನಗಿಸೋಕೆ, ಇಲ್ಲ ಸತ್ತು ಅಳಿಸೋಕೆ. ಕುದುರೆ ಹತ್ತಿ ಬಂದಿದ್ದು ನಾನಂತೂ ನೋಡಿಲ್ಲ. ಅದಕ್ಕೇ ಕುದುರೆ ಮೇಲಿರೋನ್ನ ನಮ್ಮೋನು ಅಂದ್ಕೊಂಡೆ. ಯಾರಿಗೇನು ನಷ್ಟ?"

ಮೇಡಂ ತಮ್ಮ ತಟ್ಟೆಯ ಇನ್ನೊಂದು ವಡೆ ಎತ್ತಿ ಅವನ ತಟ್ಟೆಗಿಟ್ಟರು. "ನಷ್ಟ ಏನೂ ಇಲ್ಲ ಕಣಪ್ಪ. ತಿನ್ನು." ಒಂದು ಗುಟುಕು ಕಾಫಿ ಕುಡಿದು, ದನಿ ತಗ್ಗಿಸಿ, "ಅಂದ್ರೆ ಅವನು ಗಂಡಸೇ ತಾನೇ?" ಎಂದರು.

"ಗಂಡಸೇ ಮೇಡಂ!"

"ಹಾಗಾದ್ರೆ ನನ್ನ ಕಥೆಗೇನೂ ತೊಂದರೆ ಇಲ್ಲ ಬಿಡು."

ಅದೇ ವಾರ ಗುಂಪಿನಲ್ಲಿ ಯಾರೋ ಪ್ರೀತಂಗೆ 'ನಮ್ಮ ದಂಡನಾಯಕನ ಗಂಡಸುತನಕ್ಕೆ ಅವಮಾನ' ಎಂದು ಬೈದ. ಮೇಡಂ ಅವನ ಮೂರು ಕಾಗುಣಿತ ತಿದ್ದಿ, ಕೆಳಗೆ ಬರೆದರು: "ಗಂಡಸಲ್ಲ ಅಂತ ಇಲ್ಲಿ ಯಾರೂ ಅಂದಿಲ್ಲ. ಸರಿಯಾಗಿ ಓದಿ ಬನ್ನಿ."

ಈಗ ಮೇಡಂ, ಪ್ರೀತಂ ಇಬ್ಬರೂ ಸೇರಿ ಕೇತವರ್ಮನ ಕಥೆ ಬರೆಯುತ್ತಿದ್ದಾರೆ, ಆದರೆ ಅದು ಅರ್ಧಕ್ಕೇ ನಿಂತಿದೆ. ಅವನಿಗೆ ಸೀರಿಯಲ್ಲಿನ ಮಹಾರಾಜನ ತಂಗಿಯೇ ಹೆಂಡತಿಯಾಗಬೇಕೆಂದು ಪ್ರೀತಂ ಹಟ. ಆ ಬಿಂಕದ ಹುಡುಗಿಗೆ ನಮ್ಮ ಹುಡುಗನ್ನ ಕೊಡಲಾರೆ ಎಂದು ಮೇಡಂ ಪಟ್ಟು.